ಮಲ್ಟಿಮೀಟರಿನ ಇನ್‌ಪುಟ್ ಕೆಪಾಸಿಟೆನ್ಸ್ ಅಳೆಯುವುದು ಹೇಗೆ?

ಡಿಜಿಟಲ್ ಮಲ್ಟಿಮೀಟರ್ ಕೊಳ್ಳುವಾಗ ಹೆಚ್ಚಿನವರು ನೋಡುವುದು ‘ಇನ್‌ಪುಟ್ 10 ಮೆಗಾಓಮ್’ ಎಂಬ ಸಾಲನ್ನು. ಮ್ಯಾನ್ಯುಯಲ್‌ನಲ್ಲಿ ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಇರುತ್ತದೆ: ಇನ್‌ಪುಟ್ ಕೆಪಾಸಿಟೆನ್ಸ್. ಫ್ಲೂಕ್ 87ವಿ ಮೀಟರಿಗೆ ಅದು ‘100 ಪಿಕೊಫ್ಯಾರಡ್‌ಗಿಂತ ಕಡಿಮೆ’ (ಪಿಕೊಫ್ಯಾರಡ್ ಎಂದರೆ ಫ್ಯಾರಡ್‌ನ ಲಕ್ಷ ಕೋಟಿಯಲ್ಲೊಂದು ಭಾಗ). ಬೆಂಚ್ ಮೇಲಿಡುವ ಕೀಸೈಟ್ 34401ಎ ಮೀಟರಿಗೆ ಎಸಿ ವೋಲ್ಟ್‌ನಲ್ಲಿ 1 ಮೆಗಾಓಮ್, ಅದಕ್ಕೆ ಸಮಾನಾಂತರವಾಗಿ 100 ಪಿಕೊಫ್ಯಾರಡ್. ಅಂದರೆ ಪ್ರೋಬ್ ಮುಟ್ಟಿಸಿದ ಕೂಡಲೇ ಸರ್ಕ್ಯೂಟಿಗೆ ಒಂದು ರೆಸಿಸ್ಟರ್ ಮಾತ್ರವಲ್ಲ, ಒಂದು ಸಣ್ಣ ಕೆಪಾಸಿಟರ್ ಕೂಡ ಸೇರಿಕೊಳ್ಳುತ್ತದೆ.

ಮನೆಯ ಕರೆಂಟಿನ 50 ಹರ್ಟ್ಸ್‌ಗೆ ಇದರಿಂದ ಏನೂ ಆಗದು. ಅಲ್ಲಿ 100 ಪಿಕೊಫ್ಯಾರಡ್ ಒಡ್ಡುವ ತಡೆ ಸುಮಾರು 32 ಮೆಗಾಓಮ್. ಅದೇ 10 ಕಿಲೋಹರ್ಟ್ಸ್‌ನಲ್ಲಿ ಈ ತಡೆ 159 ಕಿಲೋಓಮ್‌ಗೆ ಕುಸಿಯುತ್ತದೆ. 100 ಕಿಲೋಓಮ್‌ನ ಎರಡು ರೆಸಿಸ್ಟರ್‌ಗಳ ಡಿವೈಡರ್ (ವೋಲ್ಟೇಜನ್ನು ಹಂಚುವ ಜೋಡಣೆ) ನಡುವೆ 10 ಕಿಲೋಹರ್ಟ್ಸ್ ಆಡಿಯೊ ಸಿಗ್ನಲ್ ಅಳೆದರೆ ರೀಡಿಂಗ್ ಶೇ 5ರ ಹತ್ತಿರ ಕಡಿಮೆ ಬರುತ್ತದೆ. ಮೀಟರ್ ಕೆಟ್ಟಿಲ್ಲ, ಅಳೆಯಲು ಹೋಗಿ ಸರ್ಕ್ಯೂಟನ್ನೇ ಬದಲಿಸಿದ್ದೇವೆ. ಗಡಿಯಾರದ 32.768 ಕಿಲೋಹರ್ಟ್ಸ್ ಕ್ರಿಸ್ಟಲ್ ಕಾಲಿಗೆ ಪ್ರೋಬ್ ಇಟ್ಟರಂತೂ ಆಸಿಲೇಟರ್ ನಿಂತೇ ಹೋಗಬಹುದು.

‘100ಕ್ಕಿಂತ ಕಡಿಮೆ’ ಎಂಬುದು ಗರಿಷ್ಠ ಮಿತಿ ಅಷ್ಟೆ. ನಿಮ್ಮ ಕೈಯಲ್ಲಿರುವ ಮೀಟರಿನದು 30 ಇರಬಹುದು, 90 ಇರಬಹುದು. ತಿಳಿಯಲು ಅಳೆದೇ ನೋಡಬೇಕು, ಮತ್ತು ಅದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಮೀಟರ್ ತನ್ನನ್ನು ತಾನೇ ಅಳೆದುಕೊಳ್ಳುತ್ತದೆ.

ಬೇಕಾಗುವ ಸಾಮಾನು

ಸೈನ್ ವೇವ್ ಕೊಡುವ ಫಂಕ್ಷನ್ ಜನರೇಟರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕ್ ಮತ್ತು ಟೋನ್ ಹೊರಡಿಸುವ ಯಾವುದಾದರೂ ಸಾಫ್ಟ್‌ವೇರ್ ಸಾಕು. ಜೊತೆಗೆ 1 ಮೆಗಾಓಮ್‌ನ, ಶೇ 1 ನಿಖರತೆಯ ಒಂದು ಮೆಟಲ್ ಫಿಲ್ಮ್ ರೆಸಿಸ್ಟರ್ ಬೇಕು. ಬೆಂಗಳೂರಿನ ಎಸ್‌.ಪಿ. ರಸ್ತೆಯ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಇದು ಸಿಗುತ್ತದೆ. ಮೀಟರಿನ ಎಸಿ ರೇಂಜ್ ಒಂದು ಮಿಲಿವೋಲ್ಟ್‌ನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವಂತಿರಬೇಕು. ಎಸಿಗೆ 200 ಮತ್ತು 750 ವೋಲ್ಟ್ ಎಂಬ ಎರಡೇ ರೇಂಜ್ ಇರುವ ಅಗ್ಗದ ಮೀಟರುಗಳಿಗೆ ಈ ವಿಧಾನ ಒಗ್ಗದು. ಗೋಡೆಯ ಸಾಕೆಟ್ಟಿನ ಕರೆಂಟನ್ನು ಇದಕ್ಕೆ ಯಾವ ಕಾರಣಕ್ಕೂ ಬಳಸಬೇಡಿ.

ರೆಸಿಸ್ಟರ್ ಎಲ್ಲಿರಬೇಕು?

ಇಡೀ ಕೆಲಸದ ಜೀವಾಳ ಇದೇ. ಕೆಂಪು ವೈರಿನ ತುದಿಯಲ್ಲಿ, ಅಂದರೆ ಪ್ರೋಬ್ ಕಡೆ ರೆಸಿಸ್ಟರ್ ಕಟ್ಟಿದರೆ ಮೀಟರಿನ ಕೆಪಾಸಿಟೆನ್ಸ್ ಜೊತೆಗೆ ವೈರುಗಳದ್ದೂ ಸೇರಿ ಬರುತ್ತದೆ. ಕೆಂಪು, ಕಪ್ಪು ವೈರುಗಳನ್ನು ಒಂದಕ್ಕೊಂದು ಹೆಣೆದಿದ್ದರೆ ಇದೇ ಹತ್ತಾರು ಪಿಕೊಫ್ಯಾರಡ್ ಆಗುತ್ತದೆ. ಆರ್‌ಜಿ-58 ಕೋಆ್ಯಕ್ಸ್ ಕೇಬಲ್ ಬಳಸಿದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 100 ಪಿಕೊಫ್ಯಾರಡ್ ಕೇಬಲ್ಲಿನಿಂದಲೇ ಬರುತ್ತದೆ. ಆದ್ದರಿಂದ ರೆಸಿಸ್ಟರನ್ನು ಮೀಟರಿನ ಬಾಯಿಯಲ್ಲೇ ಇಡಿ: ಒಂದು ಬನಾನಾ ಪ್ಲಗ್‌ಗೆ ಅದರ ಒಂದು ಕಾಲನ್ನು ಗಿಡ್ಡವಾಗಿ ಕತ್ತರಿಸಿ ಬೆಸುಗೆ ಹಾಕಿ, ಇನ್ನೊಂದು ಕಾಲಿಗೆ ಜನರೇಟರಿನ ವೈರ್ ಜೋಡಿಸಿ. ಆಗ ವೈರಿನ ಕೆಪಾಸಿಟೆನ್ಸ್ ಜನರೇಟರಿನ ಕಡೆಗೆ ಉಳಿಯುತ್ತದೆ. ಜನರೇಟರಿನ ಔಟ್‌ಪುಟ್ ತಡೆ ತೀರಾ ಕಡಿಮೆ ಇರುವುದರಿಂದ ಅದು ಲೆಕ್ಕಕ್ಕೆ ಬರುವುದಿಲ್ಲ. ಎರಡೂ ರೀತಿ ಅಳೆದು ಕಳೆದರೆ ನಿಮ್ಮ ಪ್ರೋಬ್ ವೈರುಗಳ ಕೆಪಾಸಿಟೆನ್ಸ್ ಕೂಡ ಸಿಗುತ್ತದೆ.

ಅಳೆಯುವ ಕ್ರಮ

ಮೀಟರನ್ನು ಎಸಿ ವೋಲ್ಟ್‌ಗೆ ಇಟ್ಟು, ರೇಂಜ್ ಬಟನ್ ಒತ್ತಿ ರೇಂಜನ್ನು ಸ್ಥಿರಗೊಳಿಸಿ. ಆಟೋರೇಂಜ್‌ನಲ್ಲೇ ಬಿಟ್ಟರೆ ನಡುವೆ ಒಳಗಿನ ಡಿವೈಡರ್ ಬದಲಾಗಿ ಕೆಪಾಸಿಟೆನ್ಸೂ ಬದಲಾಗಬಹುದು. ಜನರೇಟರಿನ ಗ್ರೌಂಡ್ ಮೀಟರಿನ ‘ಕಾಮ್’ಗೆ ಹೋಗಲಿ. ಮೀಟರನ್ನು ಕೈಯಲ್ಲಿ ಹಿಡಿಯದೆ ಮೇಜಿನ ಮೇಲಿಡಿ. ಲ್ಯಾಪ್‌ಟಾಪ್ ಬಳಸುವುದಾದರೆ ಚಾರ್ಜರ್ ಕಿತ್ತಿಡಿ.

ಮೊದಲು 70 ಹರ್ಟ್ಸ್, ಸುಮಾರು 1 ವೋಲ್ಟ್ ಸೈನ್ ವೇವ್ ಕೊಡಿ. 50 ಹರ್ಟ್ಸ್ ಬೇಡ. ಸುತ್ತಲಿನ ವೈರಿಂಗ್‌ನಿಂದ ಬರುವ ಹಮ್ ಅದರೊಂದಿಗೆ ಬೆರೆತು ಅಂಕಿ ತೂಗಾಡುತ್ತದೆ. ರೆಸಿಸ್ಟರ್ ಇಲ್ಲದೆ ನೇರವಾಗಿ ಒಮ್ಮೆ, ರೆಸಿಸ್ಟರ್ ಮೂಲಕ ಒಮ್ಮೆ ರೀಡಿಂಗ್ ಬರೆದುಕೊಳ್ಳಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವುದು ‘ಕ1’. ಆಮೇಲೆ 1 ಕಿಲೋಹರ್ಟ್ಸ್‌ನಲ್ಲಿ ಇದನ್ನೇ ಮಾಡಿ, ಬಂದದ್ದನ್ನು ‘ಕ2’ ಎನ್ನಿ.

ಪ್ರತಿ ಫ್ರೀಕ್ವೆನ್ಸಿಯಲ್ಲೂ ನೇರ ರೀಡಿಂಗ್ ಏಕೆ ಎಂದರೆ, ಕೈಮೀಟರುಗಳ ಎಸಿ ನಿಖರತೆ 1 ಕಿಲೋಹರ್ಟ್ಸ್ ಹೊತ್ತಿಗೆ ಸ್ವಲ್ಪ ಜಾರಿರಬಹುದು. ಅದೇ ಫ್ರೀಕ್ವೆನ್ಸಿಯ ಎರಡು ರೀಡಿಂಗ್‌ಗಳನ್ನು ಭಾಗಿಸಿದಾಗ ಆ ದೋಷ ಎರಡರಲ್ಲೂ ಇದ್ದು ಹೊಡೆದುಹೋಗುತ್ತದೆ. ನನಗೆ ಈ ವಿಧಾನದಲ್ಲಿ ಅತ್ಯಂತ ಇಷ್ಟವಾಗುವ ಗುಣ ಇದು.

ಲೆಕ್ಕ ಹೀಗೆ:

ಕೆಪಾಸಿಟೆನ್ಸ್ = √[(ಕ1 ÷ ಕ2)² − 1] ÷ (2 × 3.1416 × ಫ್ರೀಕ್ವೆನ್ಸಿ × ರೆಸಿಸ್ಟರ್ × ಕ1)

ಇಲ್ಲಿ ಫ್ರೀಕ್ವೆನ್ಸಿ ಎಂದರೆ ಮೇಲಿನದು, 1,000 ಹರ್ಟ್ಸ್; ರೆಸಿಸ್ಟರ್ ಓಮ್‌ಗಳಲ್ಲಿ, ಅಂದರೆ 10,00,000. ಉತ್ತರ ಫ್ಯಾರಡ್‌ನಲ್ಲಿ ಬರುತ್ತದೆ.

ಉದಾಹರಣೆಗೆ 70 ಹರ್ಟ್ಸ್‌ನಲ್ಲಿ ನೇರ ರೀಡಿಂಗ್ 1.000, ರೆಸಿಸ್ಟರ್ ಮೂಲಕ 0.908 ಎಂದಿಟ್ಟುಕೊಳ್ಳಿ; ಕ1 ಎಂದರೆ 0.908. 1 ಕಿಲೋಹರ್ಟ್ಸ್‌ನಲ್ಲಿ 0.996 ಮತ್ತು 0.786, ಕ2 ಎಂದರೆ 0.789. ಕ1ನ್ನು ಕ2ರಿಂದ ಭಾಗಿಸಿದರೆ 1.151, ಅದರ ವರ್ಗದಿಂದ 1 ಕಳೆದರೆ 0.324, ವರ್ಗಮೂಲ 0.57. ಕೆಳಗಿನ ಗುಣಲಬ್ಧ ಸುಮಾರು 570 ಕೋಟಿ. ಉತ್ತರ 100 ಪಿಕೊಫ್ಯಾರಡ್. ಕ1ರಿಂದ ಮೀಟರಿನ ರೆಸಿಸ್ಟೆನ್ಸೂ ತಿಳಿಯುತ್ತದೆ: 0.908ನ್ನು 0.092ರಿಂದ ಭಾಗಿಸಿದರೆ 9.87 ಮೆಗಾಓಮ್.

ಕ2 ಕ1ಗಿಂತ ಶೇ 5ರಷ್ಟೂ ಇಳಿದಿಲ್ಲವಾದರೆ ಒಂದೆರಡು ಮಿಲಿವೋಲ್ಟ್ ತಪ್ಪೂ ಉತ್ತರವನ್ನು ಕೆಡಿಸುತ್ತದೆ. ಆಗ ಫ್ರೀಕ್ವೆನ್ಸಿಯನ್ನು 2 ಅಥವಾ 3 ಕಿಲೋಹರ್ಟ್ಸ್‌ಗೆ ಏರಿಸಿ. 1 ಮೆಗಾಓಮ್ ಇನ್‌ಪುಟ್ ಇರುವ ಬೆಂಚ್ ಮೀಟರಿಗೆ 100 ಕಿಲೋಓಮ್ ರೆಸಿಸ್ಟರ್ ಮತ್ತು 10 ಕಿಲೋಹರ್ಟ್ಸ್ ಹೊಂದುತ್ತದೆ.

ಉತ್ತರ ನಂಬಬಹುದೇ ಎಂದು ನೋಡಲು 100 ಪಿಕೊಫ್ಯಾರಡ್‌ನ ಎನ್‌ಪಿಓ (ಬಿಸಿಗೆ ಬೆಲೆ ಬದಲಾಗದ ಬಗೆಯ) ಸೆರಾಮಿಕ್ ಕೆಪಾಸಿಟರನ್ನು ಮೀಟರಿನ ಎರಡೂ ಜ್ಯಾಕ್‌ಗಳ ನಡುವೆ ಜೋಡಿಸಿ, ಎಲ್ಲವನ್ನೂ ಮತ್ತೊಮ್ಮೆ ಅಳೆಯಿರಿ. ಉತ್ತರ 100ರ ಆಸುಪಾಸಿನಷ್ಟೇ ಏರಬೇಕು. ಏರದಿದ್ದರೆ ರೆಸಿಸ್ಟರಿನ ಬೆಲೆಯನ್ನು ಅಥವಾ ಹಮ್ಮನ್ನು ಅನುಮಾನಿಸಿ. ಜನರೇಟರಿನ ವೈರ್ ಹಾಗೇ ಇಟ್ಟು ಸಿಗ್ನಲ್ಲನ್ನು ಸೊನ್ನೆಗೆ ಇಳಿಸಿದಾಗ ಮೀಟರ್ ಕೆಲವೇ ಮಿಲಿವೋಲ್ಟ್ ತೋರಿಸಬೇಕು.

ಡಿಸಿ ರೇಂಜಿನ ಕೆಪಾಸಿಟೆನ್ಸ್ ಇದಕ್ಕಿಂತ ಬೇರೆಯೇ ಇರಬಹುದು, ಮತ್ತು ಅಲ್ಲಿ ಮೀಟರ್ ಸೈನ್ ವೇವನ್ನು ಓದುವುದಿಲ್ಲ. ಅದಕ್ಕೆ ಎಲ್‌ಸಿಆರ್ ಮೀಟರ್ (ಇಂಡಕ್ಟೆನ್ಸ್, ಕೆಪಾಸಿಟೆನ್ಸ್, ರೆಸಿಸ್ಟೆನ್ಸ್ ಅಳೆಯುವ ಉಪಕರಣ) ಬೇಕು. ಮಲ್ಟಿಮೀಟರನ್ನು ಆನ್ ಮಾಡಿ ಡಿಸಿ ವೋಲ್ಟ್‌ಗೆ ಇಟ್ಟು, ಎಲ್‌ಸಿಆರ್ ಮೀಟರನ್ನು ಪ್ಯಾರಲಲ್ ಮೋಡ್‌ನಲ್ಲಿ 10 ಕಿಲೋಹರ್ಟ್ಸ್‌ಗೆ ಹೊಂದಿಸಿ. ವೈರ್ ಮಾತ್ರ ಇದ್ದಾಗಿನ ಬೆಲೆಯನ್ನು ಮೊದಲೇ ಬರೆದುಕೊಂಡು, ಬಂದ ಅಂಕಿಯಿಂದ ಕಳೆಯಿರಿ.