ಮೂವತ್ತಡಿ ಆಳದ ಕ್ಯಾಸೆಟ್ಟು

ನಮ್ಮೂರಲ್ಲಿ ಅದನ್ನು ಕ್ಯಾಸೆಟ್ ಅಂತಲೇ ಕರೆಯುತ್ತಿದ್ದೆವು. ಕಾರ್ಟ್ರಿಡ್ಜ್ ಅನ್ನೋ ಪದ ನನಗೆ ಗೊತ್ತಾಗಿದ್ದು ಅಮೆರಿಕಕ್ಕೆ ಹೋದ ಮೇಲೆ. ಟಿವಿ ಗೇಮ್ ಡಬ್ಬಕ್ಕೆ ಹಳದಿ ಕ್ಯಾಸೆಟ್ ಸಿಕ್ಕಿಸೋದು, ಪರದೆ ಮೇಲೆ ಗೆರೆ ಬಂದರೆ ಹೊರಗೆ ತೆಗೆದು ಬಾಯಿಂದ ಉಫ್ ಅಂತ ಊದೋದು, ಮತ್ತೆ ಸಿಕ್ಕಿಸೋದು. ಹಾಸನದಲ್ಲಿ ಎಷ್ಟೋ ಬೇಸಿಗೆ ರಜೆ ಹೀಗೇ ಕಳೆದವು. ಅದೇ ನಾನು 2014ರ ಏಪ್ರಿಲ್ 26ರಂದು ನ್ಯೂ ಮೆಕ್ಸಿಕೊ ರಾಜ್ಯದ ಒಂದು ಹಳೇ ಕಸದ ಗುಂಡಿಯ ಮುಂದೆ ನಿಂತಿದ್ದೆ. ಮಣ್ಣಿನಡಿಯಿಂದ ಕ್ಯಾಸೆಟ್ ಬರುತ್ತದೋ ಇಲ್ಲವೋ ನೋಡೋಣ ಅಂತ.

ಆಗ ನಾನು ಲಾಸ್ ಕ್ರೂಸಸ್ ಊರಲ್ಲಿ ಓದುತ್ತಿದ್ದೆ. ಅಲ್ಲಿಂದ ಅಲಮೊಗೊರ್ಡೊಗೆ ಸುಮಾರು 110 ಕಿಲೋಮೀಟರ್. ಆ ಊರಿನ ಕಥೆಯನ್ನು ಬಂದ ಮೊದಲ ವರ್ಷವೇ ಕೇಳಿದ್ದೆ. 1983ರಲ್ಲಿ ಅಟಾರಿ ಅನ್ನೋ ವಿಡಿಯೋ ಗೇಮ್ ಕಂಪನಿ ಮಾರಾಟವಾಗದ ಲಕ್ಷಗಟ್ಟಲೆ ಗೇಮ್‌ಗಳನ್ನು ರಾತ್ರೋರಾತ್ರಿ ತಂದು ಹೂತು ಹಾಕಿತಂತೆ. ಅದೆಲ್ಲ ‘ಇ.ಟಿ.’ ಅನ್ನೋ ಸಿನಿಮಾ ಮೇಲೆ ಮಾಡಿದ ಒಂದೇ ಗೇಮಂತೆ. ನಾಚಿಕೆಯಾಗಿ ಮುಚ್ಚಿಟ್ಟರಂತೆ. ಹೇಳುವವರೆಲ್ಲ ಕೊನೆಗೊಂದು ‘ಅಂತೆ’ ಸೇರಿಸುತ್ತಿದ್ದರು.

ನನ್ನ ಜತೆ ಮನೆ ಹಂಚಿಕೊಂಡಿದ್ದ ದಾವಣಗೆರೆ ಗೆಳೆಯನಿಗೆ ಇದರ ಮೇಲೆ ನಯಾಪೈಸೆ ನಂಬಿಕೆ ಇರಲಿಲ್ಲ. “ಲೋ, ಅಲ್ಲಿ ಏನೂ ಇರಲ್ಲ ಕಣೋ. ಸುಮ್ನೆ ಪಬ್ಲಿಸಿಟಿ,” ಅಂದ. ಒಂದು ವಾರ ಪಾತ್ರೆ ತೊಳೆಯುವ ಪಂಥ ಕಟ್ಟಿದೆವು. ಕಾರು ಅವನದು, ಪೆಟ್ರೋಲ್ ನನ್ನದು.

ಈ ದಾರಿಯಲ್ಲಿ ಹೋಗೋರಿಗೆ ಎರಡು ಮಾತು. ಒಂದು, ಹೈವೇ 70 ಕ್ಷಿಪಣಿ ಪರೀಕ್ಷೆ ಮಾಡೋ ಜಾಗದ ನಡುವೆ ಹಾದು ಹೋಗುತ್ತದೆ. ಪರೀಕ್ಷೆ ಇದ್ದರೆ ರಸ್ತೆಯನ್ನೇ ಮುಚ್ಚುತ್ತಾರೆ. ಮೊದಲೇ ವಿಚಾರಿಸಿಕೊಳ್ಳಬೇಕು. ಎರಡು, ವಾಪಸ್ ಬರುವಾಗ ಗಡಿ ಪೊಲೀಸರ ತಪಾಸಣೆ ಇರುತ್ತದೆ. ನಮ್ಮಂಥ ವಿದ್ಯಾರ್ಥಿಗಳು ಪಾಸ್‌ಪೋರ್ಟು, ಕಾಲೇಜಿನ ಐ-20 ಕಾಗದ ಎರಡನ್ನೂ ಇಟ್ಟುಕೊಂಡಿರಬೇಕು. ಕಸದ ಗುಂಡಿ ನೋಡೋಕೆ ಪಾಸ್‌ಪೋರ್ಟ್ ಹಿಡಿದು ಹೋಗಿದ್ದು ಬಹುಶಃ ನಾವಿಬ್ಬರೇ.

ಸಾನ್ ಅಗಸ್ಟಿನ್ ಘಾಟಿ ಇಳಿಯುವಾಗ ಸಾಮಾನ್ಯವಾಗಿ ಎಡಗಡೆ ದೂರದಲ್ಲಿ ವೈಟ್ ಸ್ಯಾಂಡ್ಸ್ ಮರಳು ದಿಬ್ಬಗಳು ಸುಣ್ಣ ಬಳಿದ ಹಾಗೆ ಕಾಣುತ್ತವೆ. ಅವತ್ತು ದಿಬ್ಬವೂ ಇಲ್ಲ, ಆಕಾಶವೂ ಇಲ್ಲ, ಬರೀ ಧೂಳು. ಅಲ್ಲಿ ವಸಂತ ಅಂದರೆ ಹೂವಲ್ಲ, ಗಾಳಿ.

ಬೆಳಿಗ್ಗೆಯೇ ಇನ್ನೂರರಷ್ಟು ಜನ ಸೇರಿದ್ದರು. ಅಟಾರಿ ಟೀ ಶರ್ಟ್ ಹಾಕಿದ ಐವತ್ತು ದಾಟಿದ ಗಂಡಸರು, ಮಕ್ಕಳನ್ನು ಕರೆತಂದ ಊರಿನವರು, ಕ್ಯಾಮೆರಾದವರು. ‘ರೆಡಿ ಪ್ಲೇಯರ್ ಒನ್’ ಕಾದಂಬರಿಯ ಲೇಖಕ ಅರ್ನೆಸ್ಟ್ ಕ್ಲೈನ್, ‘ಬ್ಯಾಕ್ ಟು ದಿ ಫ್ಯೂಚರ್’ ಸಿನಿಮಾದಲ್ಲಿ ಬರುತ್ತಲ್ಲ, ಅಂಥ ತಮ್ಮ ಡೆಲೋರಿಯನ್ ಕಾರಲ್ಲೇ ಬಂದಿದ್ದರು. ಗುಂಡಿಯ ಹತ್ತಿರ ನಮ್ಮನ್ನು ಬಿಡಲಿಲ್ಲ. ನಮಗೆ ಕಂಡಿದ್ದು ಯಂತ್ರದ ಹಳದಿ ಕೈ ಮೇಲೆ ಹೋಗೋದು, ಕೆಳಗೆ ಬರೋದು, ಅಷ್ಟೇ. ನಮ್ಮೂರಲ್ಲಿ ಜೆಸಿಬಿ ಮಣ್ಣು ಅಗೆದರೆ ಕೆಲಸ ಬಿಟ್ಟು ಜನ ನಿಲ್ಲುತ್ತಾರಲ್ಲ, ಹಾಗೇ ನಿಂತೆವು. ಗೆಳೆಯ ಟವಲ್ಲನ್ನು ಮುಖಕ್ಕೆ ಸುತ್ತಿಕೊಂಡು, ನಾನು ಕೈಯಲ್ಲಿ ಮೂಗು ಮುಚ್ಚಿಕೊಂಡು. ಬಾಯಲ್ಲಿ ಹಲ್ಲು ಕಚ್ಚಿದರೆ ಕರಕರ ಅನ್ನುತ್ತಿತ್ತು.

ಕಾಯುವಾಗ ಪಕ್ಕದವರ ಮಾತು ಕೇಳುತ್ತಾ ಒಂದು ವಿಷಯ ಹೊಳೆಯಿತು. ಇದು ಯಾವತ್ತೂ ಗುಟ್ಟಾಗಿರಲೇ ಇಲ್ಲ. 1983ರ ಸೆಪ್ಟೆಂಬರಿನಲ್ಲೇ ಅಲಮೊಗೊರ್ಡೊದ ಪತ್ರಿಕೆ ಬರೆದಿತ್ತು. ಟೆಕ್ಸಸ್‌ನ ಎಲ್ ಪಾಸೊದಲ್ಲಿದ್ದ ಅಟಾರಿ ಕಾರ್ಖಾನೆಯಿಂದ ಹತ್ತಿಪ್ಪತ್ತು ಲಾರಿ ಲೋಡು ಬಂದು ಇಲ್ಲಿ ಹೂಳಲಾಗಿದೆ ಅಂತ. ಆಮೇಲೆ ಮೇಲೆ ಕಾಂಕ್ರೀಟ್ ಸುರಿಯುತ್ತಿದ್ದಾರೆ ಅಂತ ನ್ಯೂಯಾರ್ಕ್ ಟೈಮ್ಸ್ ಕೂಡ ಬರೆಯಿತು. ಕಸವನ್ನು ಅದೇ ರಾತ್ರಿ ಜಜ್ಜಿ ಮುಚ್ಚುತ್ತಾರೆ, ಯಾರೂ ಹೆಕ್ಕೋಕೆ ಬಿಡಲ್ಲ ಅನ್ನೋ ಕಾರಣಕ್ಕೇ ಈ ಗುಂಡಿಯನ್ನು ಆರಿಸಿಕೊಂಡಿದ್ದು. ಊರಿನ ಹುಡುಗರು ಬಿಟ್ಟಾರೆಯೇ? ನುಗ್ಗಿ ಕೈಗೆ ಸಿಕ್ಕಿದ್ದನ್ನು ಹೊತ್ತೊಯ್ದರು. ಕಾಂಕ್ರೀಟ್ ಬಂದಿದ್ದು ಅದಕ್ಕೇ. ಅಚ್ಚಾಗಿ ಬಂದ ಸುದ್ದಿ ಮೂವತ್ತು ವರ್ಷದಲ್ಲಿ ಅಜ್ಜಿಕಥೆಯಾಗಿತ್ತು. ನನ್ನ ಗೆಳೆಯನಂಥವರಿಗೆ ಪತ್ರಿಕೆ ತೋರಿಸಿದರೂ ಸಾಲದು, ಗುಂಡಿಯನ್ನೇ ತೋಡಬೇಕಿತ್ತು.

ತೋಡೋದು ಸುಲಭವೇನೂ ಆಗಿರಲಿಲ್ಲ. ಗುಂಡಿ ಅಂದರೆ ಎಕರೆಗಟ್ಟಲೆ ಜಾಗ. ಎಲ್ಲಿ ಅಂತ ಅಗೆಯೋದು? ಆಗಿನ ಕಾಲದಲ್ಲಿ ಕಸದ ವ್ಯವಹಾರದಲ್ಲಿದ್ದ ಜೋ ಲೆವಂಡೋವ್ಸ್ಕಿ ಅನ್ನುವವರು ಹಳೇ ಫೋಟೋಗಳನ್ನು ಇಟ್ಟುಕೊಂಡು, ತಮ್ಮ ನೆನಪಿನ ಜತೆ ತಾಳೆ ಹಾಕಿ ಜಾಗ ಗುರುತಿಸಿದರು. ನನ್ನ ಪ್ರಕಾರ ಅವತ್ತಿನ ಹೀರೋ ಅವರೇ. ರಾಜ್ಯದ ಪರಿಸರ ಇಲಾಖೆಯ ಒಪ್ಪಿಗೆಗೂ ಕಾಯಬೇಕಾಯಿತು. ಪಾದರಸದ ವಿಷ ತಿಂದ ಹಂದಿಗಳನ್ನೂ ಹಿಂದೆ ಅದೇ ಗುಂಡಿಯಲ್ಲಿ ಹೂತಿದ್ದರು ಅನ್ನೋ ಮಾತಿತ್ತು. ಹಂದಿ ವಿಷಯ ಕೇಳಿದ ಮೇಲೆ ಗೆಳೆಯ ಟವಲ್ಲನ್ನು ಇನ್ನೊಂದು ಸುತ್ತು ಸುತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಗಾಳಿ ಇನ್ನೂ ಜೋರಾಯಿತು. ಅಷ್ಟರಲ್ಲಿ ಮುಂದಿನಿಂದ ಗಲಾಟೆ ಕೇಳಿಸಿತು. ಇದನ್ನೆಲ್ಲ ಸಾಕ್ಷ್ಯಚಿತ್ರವಾಗಿ ಚಿತ್ರಿಸುತ್ತಿದ್ದ ನಿರ್ದೇಶಕ ಜ್ಯಾಕ್ ಪೆನ್ ಜನರ ಕಡೆ ಬಂದು, ಕೈಯಲ್ಲಿದ್ದದ್ದನ್ನು ಮೇಲೆತ್ತಿ ತೋರಿಸಿದರು. ಇ.ಟಿ. ಗೇಮು. ಮಡಚಿ, ಚಪ್ಪಟೆಯಾಗಿ, ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಆದರೂ ಇ.ಟಿ. ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಜನ ಕೂಗಿದ ರೀತಿ ನೋಡಿದರೆ ಚಿನ್ನ ಸಿಕ್ಕಿತೇನೋ ಅನ್ನಬೇಕು. ನಾನೂ ಕೂಗಿದೆ. ಬಾಯಿ ತುಂಬಾ ಧೂಳು.

ಆ ಗೇಮ್ ಮಾಡಿದ ಹೊವರ್ಡ್ ಸ್ಕಾಟ್ ವಾರ್ಷಾ ಕೂಡ ಅಲ್ಲಿದ್ದರು. ಸಿನಿಮಾದ ಹಕ್ಕಿಗೆ ಅಟಾರಿ 2 ಕೋಟಿ ಡಾಲರಿಗೂ ಜಾಸ್ತಿ ಕೊಟ್ಟಿತ್ತು ಎಂದು ವರದಿ. 1982ರ ಕ್ರಿಸ್‌ಮಸ್‌ಗೆ ಅಂಗಡಿಯಲ್ಲಿರಬೇಕು ಅಂತ ಗೇಮ್ ಬರೆಯೋಕೆ ಅವರಿಗೆ ಕೊಟ್ಟಿದ್ದು ಐದೇ ವಾರ. ಆಗ ಇಂಥ ಕೆಲಸಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 40 ಲಕ್ಷದಷ್ಟು ಪ್ರತಿ ಮಾಡಿ, ಹೋಗಿದ್ದು ಸುಮಾರು 15 ಲಕ್ಷ. 1983ರಲ್ಲಿ ಅಟಾರಿಯ ನಷ್ಟ 50 ಕೋಟಿ ಡಾಲರ್ ದಾಟಿತು. ತಪ್ಪೆಲ್ಲ ಈ ಒಬ್ಬರ ತಲೆ ಮೇಲೆ ಬಿತ್ತು. ಮೂವತ್ತು ವರ್ಷ ಆಡಿಕೊಂಡಿದ್ದ ಜಗತ್ತು ಅವತ್ತು ಅದೇ ಗೇಮಿಗೆ ಚಪ್ಪಾಳೆ ಹೊಡೆಯಿತು. ಅವರ ಕಣ್ಣು ಒದ್ದೆಯಾಗಿತ್ತು ಅಂತ ಆಮೇಲೆ ಓದಿದೆ. ಅಷ್ಟು ದೂರದಿಂದ ನನಗೆ ಕಾಣಲಿಲ್ಲ. ಆ ಧೂಳಲ್ಲಿ ಎಲ್ಲರ ಕಣ್ಣೂ ಒದ್ದೆಯೇ.

ವಾಪಸ್ ಬರುವಾಗ ಕಾರಲ್ಲಿ ಪಂಥದ ಜಗಳ. “ಸೋತೆ, ತೊಳಿ,” ಅಂದೆ. ಅವನು ಒಪ್ಪಲಿಲ್ಲ. ಕಥೆಯಲ್ಲಿದ್ದದ್ದು ಬರೀ ಇ.ಟಿ., ಅದೂ ಲಕ್ಷಗಟ್ಟಲೆ. ಮೇಲೆ ಬಂದಿದ್ದರಲ್ಲಿ ಸೆಂಟಿಪೀಡ್, ಆಸ್ಟರಾಯ್ಡ್ಸ್, ಮಿಸೈಲ್ ಕಮಾಂಡ್ ಎಲ್ಲ ಇದ್ದವು. ಅವೆಲ್ಲ ಜನ ಮೆಚ್ಚಿದ ಗೇಮ್‌ಗಳೇ. ಹೂಳಿಸುವ ಕೆಲಸ ನೋಡಿಕೊಂಡಿದ್ದ ಅಟಾರಿಯ ಹಳೇ ಮ್ಯಾನೇಜರ್ ಜೇಮ್ಸ್ ಹೆಲ್ಲರ್ ಅವತ್ತೇ ಲೆಕ್ಕ ಹೇಳಿದ್ದರು: ಒಟ್ಟು 7,28,000 ಕಾರ್ಟ್ರಿಡ್ಜ್, ಎಲ್ಲ ಬೆರಕೆ. ಅಂದರೆ ನಾಚಿಕೆಗೇಡಿನ ಒಂದು ಗೇಮನ್ನು ಕದ್ದು ಹೂತಿದ್ದಲ್ಲ. ಗೋಡೌನ್ ಖಾಲಿ ಮಾಡಿದ್ದು. ಗೆಳೆಯನ ವಾದ ಸರಿಯಿತ್ತು ಅಂತ ಒಳಗೊಳಗೆ ನನಗೂ ಅನ್ನಿಸಿತು. ಅರ್ಧ ಕಥೆ ನಿಜ, ಅರ್ಧ ಸುಳ್ಳು. ಮೂರೂವರೆ ದಿನ ತೊಳೆದ. ನಾಲ್ಕನೇ ದಿನ ಮಧ್ಯಾಹ್ನ ಕುಕ್ಕರ್ ಹಾಗೇ ಬಿಟ್ಟು ಎದ್ದು ಹೋದ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. “ಅಮೆರಿಕಕ್ಕೆ ಹೋಗಿ ತಿಪ್ಪೆ ನೋಡ್ಕೊಂಡ್ ಬಂದ್ಯಾ? ಇಲ್ಲೇ ನಮ್ಮ ರಸ್ತೆ ಕೊನೇಲಿ ಇತ್ತಲ್ಲೋ,” ಅಂದರು.

ಸುಮಾರು 30 ಅಡಿ ಆಳದಿಂದ ಮೇಲೆ ತಂದಿದ್ದು 1,300ರಷ್ಟು ಮಾತ್ರ. ಆಂಡ್ರ್ಯೂ ರೈನ್‌ಹಾರ್ಡ್ ಮತ್ತಿತರ ಪುರಾತತ್ವದವರು ಜತೆಗಿದ್ದು ದಾಖಲು ಮಾಡಿಕೊಂಡರು. ಗುಂಡಿಯನ್ನು ಮತ್ತೆ ಮುಚ್ಚಿಬಿಟ್ಟರು. ಲಕ್ಷಗಟ್ಟಲೆ ಇನ್ನೂ ಅಲ್ಲೇ ಇವೆ. ಸಿಕ್ಕಿದ್ದರಲ್ಲಿ ಕೆಲವು ಮ್ಯೂಸಿಯಂಗಳಿಗೆ ಹೋದವು, ಒಂದು ಸ್ಮಿತ್ಸೋನಿಯನ್‌ಗೂ ಹೋಯಿತು. ಉಳಿದದ್ದನ್ನು ಊರಿನ ಆಡಳಿತ ಇಬೇ ಅನ್ನೋ ಆನ್‌ಲೈನ್ ಮಾರುಕಟ್ಟೆಯಲ್ಲಿ ಹರಾಜಿಗಿಟ್ಟಿತು. ಒಂದೊಂದಕ್ಕೂ ನಂಬರ್ ಚೀಟಿ, ಅಸಲಿ ಅಂತ ಪ್ರಮಾಣಪತ್ರ.

ನಾನೂ ಕೂಗಿದೆ. ನೂರು ಡಾಲರ್ ದಾಟಲ್ಲ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಗಂಟೆಗಟ್ಟಲೆ ಕಾದು, ಕೊನೆಯ ನಿಮಿಷದವರೆಗೂ ನನ್ನದೇ ಮೇಲಿತ್ತು. ಕೊನೆಯ ಹತ್ತು ಸೆಕೆಂಡಲ್ಲಿ ಯಾರೋ ಬಂದು ಎತ್ತಿಕೊಂಡು ಹೋದರು. ಎರಡು ಸಲ ಹೀಗಾಯಿತು. ಹರಾಜು ಗೊತ್ತಿದ್ದವರು ಮೊದಲಿನಿಂದ ಕೂಗೋದೇ ಇಲ್ಲ, ಕೊನೆಗೆ ಒಂದೇ ಸಲ ಹೊಡೆಯುತ್ತಾರೆ. ಇದು ನನಗೆ ಗೊತ್ತಾಗೋ ಹೊತ್ತಿಗೆ ಬೆಲೆ ಕೈಗೆ ಸಿಗದಂತೆ ಏರಿತ್ತು. ಡಬ್ಬ ಸಮೇತ ಇದ್ದ ಒಂದು ಇ.ಟಿ. 1,535 ಡಾಲರಿಗೆ ಹೋಯಿತು. ಒಟ್ಟು 881 ಮಾರಾಟವಾಗಿ, ಊರಿಗೆ ಬಂದಿದ್ದು ಒಂದು ಲಕ್ಷ ಡಾಲರಿಗೂ ಮೇಲೆ. ಒಂದಕ್ಕೆ ಸರಾಸರಿ 120 ಡಾಲರ್! ಯಾರಿಗೂ ಬೇಡ ಅಂತ ಬಿಸಾಕಿದ್ದಕ್ಕೆ.

ಕೊನೆಗೆ ಹಳೇ ಸಾಮಾನಿನ ಸಂತೆಯಲ್ಲಿ ಹೂಳದ ಇ.ಟಿ. ಒಂದು ಸಿಕ್ಕಿತು. 5 ಡಾಲರ್. ಮರದ ಬಣ್ಣದ ಪಟ್ಟಿ ಇರೋ ಅಟಾರಿ 2600 ಡಬ್ಬಕ್ಕೆ 40. ಮನೆಗೆ ತಂದು ಹಾಕಿದರೆ ಕಪ್ಪು ಪರದೆ. ಅಭ್ಯಾಸಬಲ, ಹೊರಗೆ ತೆಗೆದು ಉಫ್ ಅಂತ ಊದಿದೆ. ಹಾಗೆ ಮಾಡಲೇಬಾರದು. ಉಸಿರಿನ ತೇವ ಒಳಗಿನ ತಾಮ್ರದ ಗೆರೆಗಳಿಗೆ ತಾಗಿ ಕಿಲುಬು ಜಾಸ್ತಿಯಾಗುತ್ತದೆ. ಚಿಕ್ಕಂದಿನಲ್ಲಿ ಊದಿ ಊದಿ ಎಷ್ಟು ಕ್ಯಾಸೆಟ್ ಹಾಳು ಮಾಡಿದೆನೋ. ಆಗ ಕೆಲಸ ಮಾಡುತ್ತಿತ್ತಲ್ಲ ಅಂದರೆ, ತೆಗೆದು ಹಾಕಿದಾಗ ಉಜ್ಜಿಕೊಂಡು ಸರಿ ಹೋಗುತ್ತಿದ್ದದ್ದು, ಊದಿದ್ದಕ್ಕಲ್ಲ.

ಬಿಚ್ಚೋಣ ಅಂದರೆ ಸ್ಕ್ರೂ ಕಾಣಲಿಲ್ಲ. ಅದು ಮುಂದಿನ ಚಿತ್ರದ ಚೀಟಿಯ ಅಡಿಯಲ್ಲಿದೆ. ಉಗುರಿನಿಂದ ಎಬ್ಬಿಸೋಕೆ ಹೋಗಿ ಒಂದು ಮೂಲೆ ಹರಿದೆ. ನೀವು ಹಾಗೆ ಮಾಡಬೇಡಿ, ಬಿಚ್ಚೋದೇ ಬೇಡ. ಅಟಾರಿಯವರೇ ಮಾಡಿದ ಕಾರ್ಟ್ರಿಡ್ಜಿನ ಬಾಯಿಗೆ ಧೂಳು ಹೋಗದ ಹಾಗೆ ಸ್ಪ್ರಿಂಗ್ ಮುಚ್ಚಳವಿರುತ್ತದೆ. ಅದರ ಆಚೀಚೆ ಎರಡು ಸಣ್ಣ ಕಿಂಡಿ. ಡಬ್ಬಕ್ಕೆ ಹಾಕಿದಾಗ ಒಳಗಿನ ಎರಡು ಕಡ್ಡಿ ಆ ಕಿಂಡಿಯಲ್ಲಿ ಹೋಗಿ ಮುಚ್ಚಳ ಸರಿಯುತ್ತದೆ. ಅದೇ ಕೆಲಸವನ್ನು ಎರಡು ತೆಳು ಸ್ಕ್ರೂಡ್ರೈವರ್‌ನಿಂದ ನಾವೇ ಮಾಡಬಹುದು. ಮುಚ್ಚಳ ಸರಿದರೆ ತಾಮ್ರದ ಗೆರೆಗಳು ಕಾಣುತ್ತವೆ. ಕಿವಿಯ ಹತ್ತಿ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿ, ಒಂದೇ ದಿಕ್ಕಿಗೆ ಒರೆಸಬೇಕು. ಶೇಕಡಾ 90ಕ್ಕಿಂತ ಮೇಲಿನದೇ ಆಗಲಿ, ಕಮ್ಮಿ ಇದ್ದರೆ ನೀರಿನಂಶ ಜಾಸ್ತಿ. ಮೊದಲನೇ ಕಡ್ಡಿ ಕಾಡಿಗೆ ಒರೆಸಿದ ಹಾಗೆ ಕಪ್ಪಾಯಿತು. ಎರಡನೆಯದು ಬೂದಿ ಬಣ್ಣ. ಐದನೆಯದು ಬೆಳ್ಳಗೆ ಬಂತು. ಪೂರ್ತಿ ಒಣಗೋಕೆ ಹತ್ತು ನಿಮಿಷ ಬಿಟ್ಟೆ. ಟಿವಿಯನ್ನು ಚಾನೆಲ್ 3ಕ್ಕೆ ಇಟ್ಟು ಸ್ವಿಚ್ ಹಾಕಿದೆ. ನೇರಳೆ ಹಿನ್ನೆಲೆಯಲ್ಲಿ ಇ.ಟಿ. ಮುಖ ಬಂತು.

ಇನ್ನು ಆಟ. ಇ.ಟಿ. ಕಾಡಿನಲ್ಲಿ ಇಳಿಯುತ್ತಾನೆ. ಫೋನಿನ ಮೂರು ತುಂಡು ಹುಡುಕಿ, ಮನೆಗೆ ಕರೆ ಮಾಡಬೇಕು. ಶಕ್ತಿಯ ಲೆಕ್ಕ 9999ರಿಂದ ಶುರು, ಒಂದೊಂದು ಹೆಜ್ಜೆಗೂ ಇಳಿಯುತ್ತದೆ. ತುಂಡುಗಳಿರೋದು ಗುಂಡಿಗಳಲ್ಲಿ. ಬೇಕಂತ ಇಳಿದರೆ ಸರಿ, ಬೇಡವೆಂದರೂ ಬೀಳುತ್ತೇವಲ್ಲ, ಅಲ್ಲಿ ತಲೆ ಕೆಡುತ್ತದೆ. ಇ.ಟಿ.ಯ ಕಾಲು ಗಟ್ಟಿ ನೆಲದ ಮೇಲಿದ್ದರೂ ತಲೆಯ ಒಂದು ಚುಕ್ಕಿ ಗುಂಡಿಯ ಅಂಚಿಗೆ ತಾಗಿದರೆ ಸಾಕು, ಧೊಪ್. ಕತ್ತು ಚಾಚಿ ಮೆಲ್ಲಗೆ ತೇಲಿ ಮೇಲೆ ಬಂದರೆ, ಸ್ಟಿಕ್ ಸ್ವಲ್ಪ ಅಲುಗಿದರೂ ಮತ್ತೆ ಒಳಗೆ. ಮೊದಲ ದಿನ ನಲವತ್ತು ಸಲವಾದರೂ ಬಿದ್ದೆ. ಎಫ್‌ಬಿಐ ಅನ್ನೋ ತನಿಖಾ ಇಲಾಖೆಯವನೊಬ್ಬ ಬಂದು, ಕಷ್ಟಪಟ್ಟು ಹುಡುಕಿದ ತುಂಡನ್ನು ಕಿತ್ತುಕೊಂಡು ಹೋಗುತ್ತಾನೆ ಬೇರೆ.

ಒಂದು ಉಪಾಯ ಸಿಕ್ಕಿತು. ಆಟದಲ್ಲಿ ಮೂರು ಬಗೆ ಇದೆ. ಮೂರನೆಯದನ್ನು ಆರಿಸಿಕೊಂಡರೆ ಹಿಂದೆ ಬೀಳುವ ಮನುಷ್ಯರು ಇರೋದಿಲ್ಲ. ಅದರಲ್ಲಿ ಗುಂಡಿಗಳ ಲೆಕ್ಕ ಕಲಿತುಕೊಂಡು ಆಮೇಲೆ ಮೊದಲನೆಯದಕ್ಕೆ ಬನ್ನಿ. ಮೇಲೆ ಬರುವಾಗ ತೇಲೋದನ್ನು ನಿಲ್ಲಿಸುವ ಮೊದಲೇ ಪಕ್ಕಕ್ಕೆ ಸರಿಯಬೇಕು. ಮೂರನೇ ವಾರ ಇ.ಟಿ.ಯನ್ನು ಮನೆಗೆ ಕಳಿಸಿದೆ. ಶಕ್ತಿ 1200 ಚಿಲ್ಲರೆ ಉಳಿದಿತ್ತು. ಎಲ್ಲಕ್ಕಿಂತ ಕೆಟ್ಟ ಗೇಮ್ ಅಂತ ಇದಕ್ಕೆ ಹೆಸರು. ನಾನು ಒಪ್ಪಲ್ಲ. ಐದು ವಾರದಲ್ಲಿ ವಾರ್ಷಾ ಕೂತು ಇಷ್ಟು ಮಾಡಿದ್ದಾರೆ ಅಂತ ಗೊತ್ತಿದ್ದೂ ಬೈಯೋಕೆ ಮನಸ್ಸು ಬರಲ್ಲ. ಆದರೆ ಮಕ್ಕಳಿಗೆ ಕೊಡಿಸುವ ಗೇಮಂತೂ ಅಲ್ಲ. ಆ ಕ್ರಿಸ್‌ಮಸ್ಸಿಗೆ ಇದನ್ನು ಬಿಚ್ಚಿದ ಹತ್ತು ವರ್ಷದ ಹುಡುಗನ ಮುಖ ನನಗೆ ಕಾಣುತ್ತದೆ.

ಊರಿಗೆ ಬರುವಾಗ ಡಬ್ಬವನ್ನೂ ತಂದೆ. ಅಲ್ಲಿನದು 120 ವೋಲ್ಟ್, ಹಾಗಾಗಿ ಮಧ್ಯೆ ಟ್ರಾನ್ಸ್‌ಫಾರ್ಮರ್ ಬೇಕು. ಸಿಗ್ನಲ್ ಕೂಡ ಅಮೆರಿಕದ ಪದ್ಧತಿಯದು. ನಮ್ಮ ಹಳೇ ಡಬ್ಬಾ ಟಿವಿಯಲ್ಲಿ ಚಿತ್ರ ಕಪ್ಪು-ಬಿಳುಪಾಗಿ ಓಡಿಹೋಗುತ್ತಿತ್ತು. ಎರಡೂ ಪದ್ಧತಿ ಹಿಡಿಯುವ ಸೆಕೆಂಡ್ ಹ್ಯಾಂಡ್ ಟಿವಿ ಹುಡುಕಿ, ರಜೆಗೆ ಬಂದ ಅಕ್ಕನ ಮಗನನ್ನು ಕೂರಿಸಿದೆ. ಎರಡು ನಿಮಿಷ ಆಡಿದ. ಆರು ಸಲ ಬಿದ್ದ. ಸ್ಟಿಕ್ ಕೆಳಗಿಟ್ಟು, “ಮಾಮ, ಇದ್ರಲ್ಲಿ ಬೇರೆ ಗೇಮ್ ಇಲ್ವಾ?” ಅಂದ. ಕ್ಯಾಸೆಟ್ ಹೊರಗೆ ತೆಗೆದು ಊದೋಕೆ ಹೊರಟಿದ್ದ. ಕೈ ಹಿಡಿದು ನಿಲ್ಲಿಸಿದೆ.