ಲಿಪಿಡ್ ರಿಪೋರ್ಟ್‌ನಲ್ಲಿ ಎಚ್‌ಡಿಎಲ್ ಸಾಲನ್ನು ಓದುವುದು ಹೇಗೆ?

ಶಿವಮೊಗ್ಗದ ಯಾವ ಲ್ಯಾಬಿನ ಮುಂದೆ ನಿಂತರೂ ಇದೇ ಕಥೆ. ರಕ್ತದ ಕೊಬ್ಬಿನ ಅಂಶ ತೋರಿಸುವ ಲಿಪಿಡ್ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಟೋಟಲ್ ಕೊಲೆಸ್ಟ್ರಾಲ್ ಮೇಲೆ. 200 ದಾಟಿದ್ದರೆ ಗಾಬರಿ, ದಾಟದಿದ್ದರೆ ದಾರಿಯಲ್ಲೇ ಮಸಾಲೆ ದೋಸೆ. ಎರಡೂ ತಪ್ಪು.

ಮೊದಲು ಪರೀಕ್ಷೆಯ ದಿನ ನೋಡಿಕೊಳ್ಳಿ. ಡೆಂಗಿಯೋ ಮಂಗನ ಕಾಯಿಲೆಯೋ ಬಂದು ಎದ್ದವರು ಆ ವಾರವೇ ‘ಫುಲ್ ಬಾಡಿ ಚೆಕಪ್’ಗೆ ಓಡುತ್ತಾರೆ. ಜೋರು ಸೋಂಕಿನಲ್ಲಿ ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ ಇಳಿದಿರುತ್ತದೆ. ಪೂರ್ತಿ ಹುಷಾರಾಗಿ ಒಂದು ತಿಂಗಳಾದರೂ ಕಳೆಯಲಿ.

ಹಿಂದಿನ ರಾತ್ರಿ ಬೇಗ ಊಟ ಮುಗಿಸಿ, ಬೆಳಿಗ್ಗೆ ಬರೀ ನೀರು ಕುಡಿದು ಹೋಗಿ. ತಿಂದು ಹೋದರೆ ಎಚ್‌ಡಿಎಲ್ ಹೆಚ್ಚೇನೂ ಬದಲಾಗದು, ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಏರಿಬಿಡುತ್ತದೆ.

ಈಗ ಎಚ್‌ಡಿಎಲ್ ಸಾಲು. ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕೆಳಗಿದ್ದರೆ ಕಡಿಮೆ ಎಂದರ್ಥ. ರಕ್ತನಾಳದ ಗೋಡೆಯಲ್ಲಿ ಕೂತ ಕೊಲೆಸ್ಟ್ರಾಲನ್ನು ಎತ್ತಿ ಲಿವರ್‌ಗೆ ಮುಟ್ಟಿಸುವುದು ಇದರ ಕೆಲಸ, ಅದಕ್ಕೇ ‘ಒಳ್ಳೆಯದು’ ಎಂಬ ಹೆಸರು.

ಎಲ್ಲರೂ ಎಡವುವುದು ಇದರ ಮುಂದಿನ ಲೆಕ್ಕದಲ್ಲಿ. ಟೋಟಲ್‌ನಲ್ಲಿ ಎಚ್‌ಡಿಎಲ್ ಕೂಡ ಸೇರಿದೆ, ಹಾಗಾಗಿ ಅದನ್ನು ಕಳೆಯಬೇಕು. ಪೆನ್ನು ತಗೊಳ್ಳಿ. ಗಂಡನ ಟೋಟಲ್ 214, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 230 ಅಂತಿಟ್ಟುಕೊಳ್ಳಿ. ಹೆಂಡತಿಯದೂ ಟೋಟಲ್ 214, ಆದರೆ ಎಚ್‌ಡಿಎಲ್ 68, ಟ್ರೈಗ್ಲಿಸರೈಡ್ 90. ಎಷ್ಟೋ ಲ್ಯಾಬ್‌ಗಳು ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ ಅನ್ನು ನೇರವಾಗಿ ಅಳೆಯುವುದಿಲ್ಲ. ಟೋಟಲ್‌ನಿಂದ ಎಚ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗ ಕಳೆಯುತ್ತವೆ. ಗಂಡನಿಗೆ 130, ಹೆಂಡತಿಗೆ 128. ಇಬ್ಬರದೂ ಒಂದೇ ಥರ ಅಲ್ವಾ? ಅಲ್ಲ. ಟೋಟಲ್‌ನಿಂದ ಬರೀ ಎಚ್‌ಡಿಎಲ್ ಕಳೆದು ನೋಡಿ: ಗಂಡನಿಗೆ 176, ಹೆಂಡತಿಗೆ 146. ಇದಕ್ಕೆ ನಾನ್-ಎಚ್‌ಡಿಎಲ್ ಅನ್ನುತ್ತಾರೆ. 130ರೊಳಗಿದ್ದರೆ ವಾಸಿ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರಿಗೆ ಡಾಕ್ಟರು ಇನ್ನೂ ಕಡಿಮೆ ಹೇಳುತ್ತಾರೆ. ನನ್ನನ್ನು ಕೇಳಿದರೆ, ಮೊದಲು ನೋಡಬೇಕಾದ್ದೇ ಈ ಸಂಖ್ಯೆ. ಟ್ರೈಗ್ಲಿಸರೈಡ್ 400 ದಾಟಿದ್ದರಂತೂ ಲೆಕ್ಕ ಹಾಕಿ ಬರೆದ ಎಲ್‌ಡಿಎಲ್ ಅನ್ನು ನಂಬಲೇಬೇಡಿ.

ಎಚ್‌ಡಿಎಲ್ ಏರಿಸುವ ಪುಡಿ, ಕ್ಯಾಪ್ಸೂಲ್‌ಗೆ ದುಡ್ಡು ಸುರಿಯಬೇಡಿ. ಟಾರ್ಸೆಟ್ರಾಪಿಬ್ ಎಂಬ ಔಷಧಿ ಎಚ್‌ಡಿಎಲ್ ಅನ್ನು ಸುಮಾರು 70 ಪರ್ಸೆಂಟ್ ಏರಿಸಿತ್ತು. ಆದರೆ ಅದನ್ನು ತೆಗೆದುಕೊಂಡವರಲ್ಲಿ ಸಾವು ಜಾಸ್ತಿ ಆಯಿತು, 2006ರಲ್ಲಿ ಪ್ರಯೋಗವನ್ನೇ ನಿಲ್ಲಿಸಿದರು. ನಯಾಸಿನ್ ಮಾತ್ರೆಯೂ ಎಚ್‌ಡಿಎಲ್ ಏರಿಸಿತು, ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಜೊತೆ ಕೊಟ್ಟು ನೋಡಿದಾಗ ಹೃದಯಾಘಾತ ತಗ್ಗಲಿಲ್ಲ. ಎಚ್‌ಡಿಎಲ್ 90, 100 ಇದೆ ಎಂದು ಬೀಗುವುದೂ ಬೇಡ, ಅಷ್ಟು ಮೇಲಿದ್ದರೆ ಡಾಕ್ಟರಿಗೆ ತೋರಿಸಿ. ಕೊಬ್ಬರಿ ಎಣ್ಣೆಯಿಂದ ಎಚ್‌ಡಿಎಲ್ ಏರುತ್ತದೆ ಎಂಬ ವಾಟ್ಸಾಪ್ ಮಾತು ಅರ್ಧ ನಿಜ. ಜೊತೆಗೆ ಎಲ್‌ಡಿಎಲ್ಲೂ ಏರುತ್ತದೆ.

ಹಾಗಾದರೆ ಮಾಡುವುದೇನು? ಬೀಡಿ, ಸಿಗರೇಟು ಬಿಡಿ. ಬೆಳಿಗ್ಗೆ ಕಡುಬು, ಮಧ್ಯಾಹ್ನ ಅನ್ನ, ರಾತ್ರಿ ಅಕ್ಕಿ ರೊಟ್ಟಿ ಎಂಬ ಮಲೆನಾಡಿನ ಪಟ್ಟಿಯಲ್ಲಿ ಒಂದು ಹೊತ್ತಿನದನ್ನಾದರೂ ಅರ್ಧ ಮಾಡಿ, ಆ ಜಾಗಕ್ಕೆ ಹೆಸರುಕಾಳು, ಸೊಪ್ಪು ಬರಲಿ. ಅಕ್ಕಿ, ಸಕ್ಕರೆ ಅತಿಯಾದರೆ ಟ್ರೈಗ್ಲಿಸರೈಡ್ ಮೇಲೆ, ಎಚ್‌ಡಿಎಲ್ ಕೆಳಗೆ. ‘ದಿನಾ ತೋಟಕ್ಕೆ ಹೋಗಿಬರ್ತೀನಲ್ಲ’ ಅನ್ನುವವರು ಬಹಳ. ಅಡಿಕೆ ಕೊನೆ ಕೊಯ್ಯುವವರನ್ನು ನೋಡುತ್ತಾ ಬದುವಿನ ಮೇಲೆ ನಿಂತರೆ ಅದು ವ್ಯಾಯಾಮ ಅಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸಾಗಿ ವಾರಕ್ಕೆ 150 ನಿಮಿಷ ನಡೆಯಿರಿ.

ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲೇ ಮತ್ತೆ ಮಾಡಿಸಿ. ಡಾಕ್ಟರ ಹತ್ತಿರ ಹೋಗುವಾಗ ಹಳೆ ರಿಪೋರ್ಟೂ ಜೊತೆಗಿರಲಿ. ನಾನ್-ಎಚ್‌ಡಿಎಲ್ ಸಂಖ್ಯೆಯನ್ನು ಎರಡರ ಮೇಲೂ ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ. ಸ್ಟಾಟಿನ್ ಮಾತ್ರೆ ನುಂಗುತ್ತಿದ್ದರೆ ‘ಈಗ ನಾರ್ಮಲ್ ಬಂತು’ ಎಂದು ನೀವಾಗಿ ನಿಲ್ಲಿಸಬೇಡಿ, ನಾರ್ಮಲ್ ಬಂದಿರುವುದು ಆ ಮಾತ್ರೆಯಿಂದಲೇ ಇರಬಹುದು.