ಕೋಬೆನ್‌ಹಾವ್ನ್ ಕೊನೆಯ ದಾರಿ: ನಾನು ಲೆಕ್ಕ ಹಾಕಿದ ಬಗೆ

ಕಣ್ಮರೆಯಾದ ಹಡಗಿನ ಬಗ್ಗೆ ಊಹೆಗಳನ್ನು ಓದುವ ಮೊದಲು ದಿನಾಂಕ, ದೂರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇನೆ. ಡೆನ್ಮಾರ್ಕಿನ ಐದು ಕಂಬದ ಹಾಯಿಹಡಗು ಕೋಬೆನ್‌ಹಾವ್ನ್‌ಗೆ ಮೂರೇ ಸಾಲು ಸಾಕಾಯಿತು. 1928 ಡಿಸೆಂಬರ್ 14: ಬ್ಯೂನಸ್ ಐರಿಸ್‌ನಿಂದ ಆಸ್ಟ್ರೇಲಿಯಾ ಕಡೆಗೆ, ಸರಕಿಲ್ಲದೆ, ಬರೀ ಬ್ಯಾಲಸ್ಟ್ (ಹಡಗು ವಾಲದಂತೆ ತಳದಲ್ಲಿ ತುಂಬುವ ಭಾರ) ಹೊತ್ತು. ಡಿಸೆಂಬರ್ 22ರ ಸುಮಾರು: ನಾರ್ವೆಯ ವಿಲಿಯಂ ಬ್ಲೂಮರ್ ಹಡಗಿನ ಜೊತೆ ರೇಡಿಯೊ ಮಾತು, ಎಲ್ಲ ಕ್ಷೇಮ, ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ಡ ಕುನ್ಹಾ ದ್ವೀಪ ಇನ್ನೂ ಸುಮಾರು 900 ಮೈಲಿ. 1929 ಜನವರಿ 21: ಮುಂಭಾಗದ ಕಂಬ ಮುರಿದ ಐದು ಕಂಬದ ಹಡಗು ಕಂಡೆವೆಂದು ದ್ವೀಪದವರ ಮಾತು.

ದೂರವನ್ನು ಗೋಡೆ ನಕ್ಷೆಯ ಮೇಲೆ ಸ್ಕೇಲಿಟ್ಟು ಅಳೆದರೆ ಕೆಟ್ಟಿತು. ಗೋಳವನ್ನು ಚಪ್ಪಟೆ ಹಾಳೆಗಿಳಿಸುವ ಮರ್ಕೇಟರ್ ನಕ್ಷೆ ಸಮಭಾಜಕದಿಂದ ದಕ್ಷಿಣಕ್ಕೆ ಹೋದಷ್ಟೂ ಹಿಗ್ಗುತ್ತದೆ. ಅಕ್ಷಾಂಶ, ರೇಖಾಂಶ ಹಿಡಿದು ಗೋಳದ ಸೂತ್ರದಲ್ಲಿ ಲೆಕ್ಕ ಹಾಕಿದರೆ ಬ್ಯೂನಸ್ ಐರಿಸ್‌ನಿಂದ ದ್ವೀಪಕ್ಕೆ ಸುಮಾರು 2,225 ನಾಟಿಕಲ್ ಮೈಲಿ (ಸಮುದ್ರಯಾನದ ಮೈಲಿ, ನೆಲದ ಮೈಲಿಗಿಂತ ಉದ್ದ). ಅದರಲ್ಲಿ 900 ಕಳೆದರೆ ಎಂಟು ದಿನಕ್ಕೆ 1,325; ದಿನಕ್ಕೆ 166, ಅಂದರೆ ಏಳು ನಾಟ್‌ಗೆ (ಗಂಟೆಗೆ ಒಂದು ನಾಟಿಕಲ್ ಮೈಲಿಯೇ ಒಂದು ನಾಟ್) ಒಂದಿಷ್ಟು ಕಡಿಮೆ. ಇಲ್ಲೊಂದು ಗುಂಡಿ ಇದೆ: ಆ 900 ನೆಲದ ಮೈಲಿಯಾದರೆ ನಾಟಿಕಲ್ ಲೆಕ್ಕದಲ್ಲಿ 780 ಮಾತ್ರ, ವೇಗ ಏಳೂವರೆ ನಾಟ್‌ಗೆ ಏರುತ್ತದೆ. ಎರಡನ್ನೂ ಬರೆದಿಟ್ಟುಕೊಂಡೇ ಮುಂದೆ ಹೋಗಬೇಕು.

ಅದೇ ಓಟದಲ್ಲಿ ಸಾಗಿದ್ದರೆ ಹಡಗು ಡಿಸೆಂಬರ್ 26-27ಕ್ಕೇ ದ್ವೀಪದ ನೇರಕ್ಕೆ ಬರಬೇಕಿತ್ತು. ಕಂಡದ್ದು ಜನವರಿ 21ಕ್ಕೆ. ಮೂವತ್ತು ದಿನಕ್ಕೆ 900 ಮೈಲಿ ಎಂದರೆ ದಿನಕ್ಕೆ 30, ಅಂದರೆ ಒಂದೂಕಾಲು ನಾಟ್. ಅದು ಹಾಯಿ ಹರಡಿ ಸಾಗುವ ಹಡಗಿನ ಓಟವಲ್ಲ; ಗಾಳಿ, ಪ್ರವಾಹಕ್ಕೆ ಸಿಕ್ಕಿ ತೇಲುವ ಹಡಗಿನದು. ಹಾಗಾಗಿ ದ್ವೀಪದವರು ಕಂಡದ್ದು ಇದೇ ಎನ್ನುವವರು, ರೇಡಿಯೊ ಮಾತು ಮುಗಿದ ಕೆಲವೇ ದಿನಗಳಲ್ಲಿ ಅದು ಊನವಾಯಿತೆಂದೂ ಒಪ್ಪಬೇಕಾಗುತ್ತದೆ. ಇದನ್ನು ಹೇಳುವವರು ಕಡಿಮೆ.

ಬ್ಯಾಲಸ್ಟ್ ಒಂದು ಬದಿಗೆ ಸರಿದರೆ ಹಡಗು ವಾಲಿ ಮತ್ತೆ ಏಳದು; ಕಂಬ ಮುರಿದರೆ ಅದಕ್ಕೆ ಕಟ್ಟಿದ ಆಂಟೆನಾವೂ ಹೋಗುತ್ತದೆ. ರೇಡಿಯೊ ಮೌನವಾದ ಮಾತ್ರಕ್ಕೆ ಹಡಗು ಅಂದೇ ಮುಳುಗಿತು ಎನ್ನಲಾಗದು. ಸುಮಾರು 45 ದಿನದ ಪ್ರಯಾಣ ಅಂದುಕೊಂಡಿದ್ದರಿಂದ ಜನವರಿ ಕೊನೆಯವರೆಗೆ ಯಾರೂ ಗಾಬರಿಯಾಗಲು ಕಾರಣವೂ ಇರಲಿಲ್ಲ.

ಕೊನೆಯ ಕೆಲಸ ಕಂಬ ಎಣಿಸುವುದು. ಆಸ್ಟ್ರೇಲಿಯಾದ ಗೋಧಿಗೆ ಖಾಲಿ ಹೊರಟ ನಾಲ್ಕು ಕಂಬದ ಹಡಗುಗಳೂ ಆ ಕಾಲದಲ್ಲಿ ಇದೇ ಸಮುದ್ರ ದಾಟುತ್ತಿದ್ದವು; ದ್ವೀಪದವರು ಕಂಡದ್ದು ಅಂಥದ್ದೊಂದೂ ಇರಬಹುದು. ಅವುಗಳ ಲಾಗ್‌ಬುಕ್‌ನಲ್ಲಿ ಜನವರಿ 21ರ ಸ್ಥಾನ ನೋಡದೆ ಐದನೇ ಕಂಬವನ್ನು ನಂಬಬಾರದು.